ಗಾಳ ಹಿಡಿದ ಕಲೆಕ್ಟರ್ ಥಾಮಸ್: ಕೆಂಗೇರಿ ನೀರು ಸೇರುವ ನದಿಯ ಮೀನಿಗೂ ಇವರಿಗೂ ಏನು ನಂಟು?

ಕೆಂಗೇರಿ, ವಿಜಯನಗರದ ಮೀನಂಗಡಿಗಳಲ್ಲಿ ಭಾನುವಾರ ಬೆಳಿಗ್ಗೆ ಕಾಟ್ಲಾ, ರೋಹು ರಾಶಿ ಬಿದ್ದಿರುತ್ತೆ. ಇವು ಎರಡೂ ಈ ಕಡೆಯ ಮೂಲದ ಮೀನಲ್ಲ, ಉತ್ತರದ ನದಿಗಳಿಂದ ತಂದು ಕೆರೆಗೆ ಬಿಟ್ಟಿದ್ದು. ಇಲ್ಲಿಯದೇ ಆದ ದೊಡ್ಡ ಮೀನು ಅಂದ್ರೆ ಮಹಶೀರ್, ಕಾವೇರಿ ದಡದವರ ಬಾಯಲ್ಲಿ ಬಿಳಿ ಮೀನು. ಆ ಜಾತಿಯ ಮೀನಿನ ಬಗ್ಗೆ ದಕ್ಷಿಣ ಭಾರತದಲ್ಲಿ ಮೊದಮೊದಲು ಕೂತು ದೊಡ್ಡ ಪುಸ್ತಕ ಬರೆದವರಲ್ಲಿ ಒಬ್ಬರು ಹೆನ್ರಿ ಸಲ್ಲಿವನ್ ಥಾಮಸ್. ಕೆಲಸದಲ್ಲಿ ಕಲೆಕ್ಟರ್, ಹುಚ್ಚು ಮಾತ್ರ ಗಾಳದ್ದು.

ಥಾಮಸ್ ಮದ್ರಾಸ್ ಸಿವಿಲ್ ಸರ್ವಿಸ್ ಅಧಿಕಾರಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಕಲೆಕ್ಟರ್ ಆಗಿದ್ದ ಥಾಮಸ್ ಕಂದಾಯದ ಕಡತದ ಜೊತೆಗೆ ಹೊಳೆಗಳ ಕಡೆಗೂ ಕಣ್ಣಿಟ್ಟಿದ್ದರು. 1870ರಲ್ಲಿ ಆ ಜಿಲ್ಲೆಯ ಮೀನು ಸಾಕಣೆ ಬಗ್ಗೆ ಅವರ ವರದಿ ಬಂತು. ಮೂರು ವರ್ಷದ ಮೇಲೆ, 1873ರಲ್ಲಿ, 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ. ಅದು ಹೊರಬಂದಿದ್ದು ಲಂಡನ್ನಿನಿಂದಲ್ಲ, ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. ಕಿಟ್ಟೆಲ್ ನಿಘಂಟು 1894ರಲ್ಲಿ ಪ್ರಕಟವಾದದ್ದೂ ಅದೇ ಜಾಗದಿಂದ.

ಇಂಗ್ಲೆಂಡಿನಿಂದ ಬಂದ ಸಾಹೇಬರಿಗೆ ಮೀನು ಅಂದ್ರೆ ಟ್ರೌಟ್, ಇಲ್ಲಾಂದ್ರೆ ಸಾಲ್ಮನ್. ಎರಡಕ್ಕೂ ತಣ್ಣಗೆ ಕೊರೆಯುವ ನೀರು ಬೇಕು. ಬೆಂಗಳೂರಿನ ಕೆರೆಯಲ್ಲಾಗಲಿ ಕರಾವಳಿ ಹೊಳೆಯಲ್ಲಾಗಲಿ ಟ್ರೌಟ್ ಬದುಕೋ ಮಾತೇ ಇಲ್ಲ. ನೀಲಗಿರಿಯ ಮೇಲೆ 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಮೊದಲಾದವರು ಟ್ರೌಟ್ ತರಿಸಲು ನೋಡಿದರು, ಮೀನು ನೆಲೆ ನಿಲ್ಲಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಎಚ್.ಸಿ. ವಿಲ್ಸನ್ ಕಾಲದಲ್ಲಷ್ಟೇ ಊಟಿ ಕಡೆಯ ತೊರೆಗಳಲ್ಲಿ ಟ್ರೌಟ್ ಹಿಡಿತ ಕಂಡಿತು. ಊರ ಮೀನಿನ ನೆನಪಲ್ಲೇ ಕೊರಗುತ್ತಿದ್ದ ಆ ಜನಕ್ಕೆ ಥಾಮಸ್ ಕೊಟ್ಟ ಉತ್ತರ ನೇರವಾಗಿತ್ತು: ಮುಂದೆ ಹರಿಯೋ ಹೊಳೆಯಲ್ಲೇ ಮಹಶೀರ್ ಇದೆ, ಗಾಳಕ್ಕೆ ಬಿದ್ದ ಮೇಲೆ ಅದರ ಎಳೆತದ ಮುಂದೆ ಸಾಲ್ಮನ್ ಕೂಡ ಸಪ್ಪೆ.

ಇದು ಬರೀ ಹೊಗಳಿಕೆ ಅಲ್ಲ. ಮೀನಿನ ಬಾಯಿಯನ್ನು ಅವರು ನೋಡಿದ ರೀತಿ ವೈದ್ಯರು ನೋಡುವಂಥದ್ದು. ಮಹಶೀರ್‌ಗೆ ದವಡೆಯಲ್ಲಿ ಹಲ್ಲಿಲ್ಲ, ಇರೋದು ಗಂಟಲಲ್ಲಿ. ಬಾಯಿ ಮುಚ್ಚಿ ಒತ್ತಿದರೆ ಗಟ್ಟಿ ಗಾಳವೂ ನುಜ್ಜುಗುಜ್ಜು. ಹಾಗಾಗಿ ಟ್ರೌಟ್‌ಗೆ ಮಾಡಿದ ಸಣ್ಣ ಕೊಕ್ಕೆ ಇಲ್ಲಿ ಉಪಯೋಗಕ್ಕೆ ಬರಲ್ಲ ಅಂತ ವಿವರಿಸಿ ಬರೆದರು. ಇತ್ತ ಕಾವೇರಿ ದಡದಲ್ಲಿ ಮಹಶೀರ್‌ಗೆ ಬಹಳ ಕಾಲದಿಂದ ನಡೆದುಬಂದ ಎರೆ ಯಾವುದು ಗೊತ್ತಾ? ರಾಗಿ ಹಿಟ್ಟಿನ ಉಂಡೆ. ಮುದ್ದೆ ಮಾಡೋ ಅದೇ ರಾಗಿ.

ಆದರೆ ಥಾಮಸ್ ಹೆಸರು ಉಳಿಯಬೇಕಾದ್ದು ಗಾಳದಿಂದಲ್ಲ, ಮರಿ ಮೀನಿನ ಲೆಕ್ಕದಿಂದ. ಮುಂಗಾರು ಶುರುವಾದರೆ ದೊಡ್ಡ ಮೀನು ಮೊಟ್ಟೆ ಇಡಲು ಹೊಳೆಯಿಂದ ಹಳ್ಳಕ್ಕೆ ಏರುತ್ತೆ. ಮಲೆನಾಡಿನವರಿಗೆ ಇದು ಗೊತ್ತಿರೋ ವಿಷಯ, ಹತ್ತು ಮೀನು ಅನ್ನೋದೇ ಅದಕ್ಕೆ. ಮಳೆ ಇಳಿಯುವ ಹೊತ್ತಿಗೆ ಮರಿಗಳು ವಾಪಸ್ ಹೊಳೆಗೆ ಹೊರಡುತ್ತವೆ. ದಾರಿಯಲ್ಲಿ ಕೂಳಿ ಇಟ್ಟು, ಸಣ್ಣ ಕಣ್ಣಿನ ಬಲೆ ಹಾಕಿ ಬಾಚಿದರೆ ಒಂದು ಬುಟ್ಟಿ ತುಂಬುತ್ತೆ, ಮುಂದಿನ ವರ್ಷದ ಮೀನು ಹೋಗುತ್ತೆ. ಬೇಸಿಗೆಯಲ್ಲಿ ನೀರು ನಿಂತ ಮಡುವಿಗೆ ಕಾರೆಕಾಯಿಯಂಥ ವಿಷದ ಕಾಯಿ ಜಜ್ಜಿ ಹಾಕಿದರೆ ದೊಡ್ಡದು, ಚಿಕ್ಕದು ಎಲ್ಲಾ ಒಟ್ಟಿಗೆ ತೇಲುತ್ತೆ. ಇದನ್ನು ನಿಲ್ಲಿಸಿ ಅಂತ ಥಾಮಸ್ ಬರೆದರು. ಅವರ ವಾದ ಶೋಕಿಯದಲ್ಲ, ಊಟದ್ದು. ಹೊಳೆ ಮೀನು ಬಡವರ ಆಹಾರ, ಬೆಳೆಯಲು ಬಿಟ್ಟರೆ ಅದೇ ಎಷ್ಟೋ ಪಾಲು ಹೆಚ್ಚಾಗಿ ಸಿಗುತ್ತೆ ಅನ್ನೋದು.

ಇಲ್ಲೊಂದು ಮಾತು ಹೇಳಲೇಬೇಕು. ಗದ್ದೆ ಬದುವಿನಲ್ಲಿ ಕೂಳಿ ಇಡುತ್ತಿದ್ದವನಿಗೆ ಮಳೆಗಾಲದ ಸಾರು ಅದೇ. ಸಾಹೇಬರಿಗೆ ಗಾಳ ಆಟ, ಅವನಿಗೆ ಕೂಳಿ ಹೊಟ್ಟೆಪಾಡು. ಮೇಲಿಂದ ಬರೋ ನಿಯಮ ಮೊದಲು ಯಾರ ತಲೆ ಮೇಲೆ ಬೀಳುತ್ತೆ ಅಂತ ಕೇಳಿದವರು ಆ ಕಾಲದಲ್ಲಿ ಕಮ್ಮಿ. ಆದರೂ ವಿಷ ಹಾಕೋದರ ಬಗ್ಗೆ ಥಾಮಸ್ ಹೇಳಿದ್ದರಲ್ಲಿ ತಪ್ಪು ಹುಡುಕೋದು ಕಷ್ಟ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿಗೆ ವಿಷ ಬೆರೆಸಿ, ಸಿಡಿಮದ್ದು ಹಾಕಿ ಮೀನು ಕೊಲ್ಲುವುದನ್ನು ಅಪರಾಧ ಮಾಡಿತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಡೇ, ಥಾಮಸ್ ಇಬ್ಬರೂ ಇದನ್ನೇ ಹೇಳುತ್ತಾ ಬಂದಿದ್ದರು. ಕಾಯ್ದೆ ಬಂದು ನೂರು ವರ್ಷ ಆಗುವ ಹೊತ್ತಿಗೆ, 1996ರಲ್ಲಿ, ಅದೇ ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದ ಮಹಶೀರ್ ಮೀನುಗಳಿಗೆ ಯಾರೋ ವಿಷ ಹಾಕಿದರು. ಸತ್ತ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕ ಇದೆ.

ಥಾಮಸ್ ಮುಂದೆ ಮದ್ರಾಸಿನ ಕಂದಾಯ ಮಂಡಳಿಗೆ ಹೋದರು. 1887ರಲ್ಲಿ ಇನ್ನೊಂದು ಪುಸ್ತಕ ಬಂತು, 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ'. ಬರೀ ಕೆರೆ ಮೀನಿನ ಪುಸ್ತಕ. ಬಯಲುಸೀಮೆಯಲ್ಲಿ ಹೊಳೆ ದೂರ, ಕೆರೆ ಊರಿಗೊಂದು. ಆ ಕೆರೆಗಳ ಮೀನನ್ನೂ ಲೆಕ್ಕಕ್ಕೆ ತಗೊಂಡು ಒಂದು ಇಡೀ ಪುಸ್ತಕ ಕೊಟ್ಟಿದ್ದು ಸಣ್ಣ ಮಾತಲ್ಲ.

ಥಾಮಸ್ ಬರೆದಿದ್ದು ಕಾಯಿ ಜಜ್ಜುವವರ ಬಗ್ಗೆ. ಕಾರ್ಖಾನೆ, ಒಳಚರಂಡಿ ಒಂದು ನದಿಗೆ ವರ್ಷಪೂರ್ತಿ ಏನು ಹಾಕಬಹುದು ಅನ್ನೋದು ಅವರ ಲೆಕ್ಕದಲ್ಲಿ ಇರಲಿಲ್ಲ. ವೃಷಭಾವತಿ ಗಾಳಿ ಆಂಜನೇಯ ದೇವಸ್ಥಾನದ ಪಕ್ಕ ಹರಿದು, ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಮೋರಿ ನೀರನ್ನೆಲ್ಲಾ ಹೊತ್ತು, ಕೆಂಗೇರಿ ದಾಟಿ, ಬೈರಮಂಗಲ ಕೆರೆ ಸೇರಿ ಅರ್ಕಾವತಿಗೆ ಹೋಗುತ್ತೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಸಂಗಮ, ಗಾಳಿಬೋರೆ, ಭೀಮೇಶ್ವರಿ ಎಲ್ಲವೂ ಗೂನು ಬೆನ್ನಿನ ಮಹಶೀರ್‌ಗೆ ಹೆಸರಾದ ಜಾಗಗಳು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಕಾವೇರಿಯ ಉಪನದಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದ್ರೆ ಸುಮಾರು 54 ಕೆ.ಜಿ.

ಈ ಗೂನು ಬೆನ್ನಿನ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರು ಟಾರ್ ರೆಮಾದೇವಿ ಅಂತ ಗೊತ್ತಾಗಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಥಾಮಸ್ ಹೆಸರಿನ ಮೀನೂ ಒಂದಿದೆ. 1874ರಲ್ಲಿ ಫ್ರಾನ್ಸಿಸ್ ಡೇ ದಕ್ಷಿಣ ಕನ್ನಡದ ಒಂದು ಕೆಂಪು ಮೀನಿಗೆ ಗೆಳೆಯನ ನೆನಪಿಗೆ ಥಾಮಸ್ಸಿ ಅಂತ ಹೆಸರಿಟ್ಟರು. ಪಶ್ಚಿಮಘಟ್ಟದ ಕೆಲವು ಹೊಳೆಗಳಲ್ಲಿ ಅದು ಇನ್ನೂ ಇದೆ, ಅಪರೂಪಕ್ಕೆ.