ಕವಿಶಿಷ್ಯ ಪಂಜೆ ಮಂಗೇಶರಾಯರು

ಮಕ್ಕಳಿಗಾಗಿ ಬರೆಯುವುದು ವಿದ್ವಾಂಸರಿಗೆ ಹಗುರವಾಗಿ ತೋರುತ್ತಿದ್ದ ಕಾಲದಲ್ಲಿ ಅದನ್ನೇ ವ್ರತವಾಗಿ ಕೈಕೊಂಡ ಮಹನೀಯರು ಶ್ರೀ ಪಂಜೆ ಮಂಗೇಶರಾಯರು. ಕ್ರಿ. ಶ. 1874ರಲ್ಲಿ ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದ ಇವರು ಉಪಾಧ್ಯಾಯರಾಗಿಯೂ, ಶಾಲೆಗಳ ತನಿಖಾಧಿಕಾರಿಗಳಾಗಿಯೂ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿಯೂ ಸೇವೆ ಸಲ್ಲಿಸಿದರು. ಎಳೆಯರಿಗೆ ತಕ್ಕ ಕನ್ನಡ ಪುಸ್ತಕಗಳ ಕೊರತೆಯನ್ನು ನೀಗಲು ಕಥೆ, ಪದ್ಯ, ಪಾಠಪುಸ್ತಕಗಳನ್ನು ರಚಿಸಿದುದಲ್ಲದೆ, 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ತುಳುವರ ಪಾಡ್ದನದೊಳಗಿನ ವೀರಕಥೆಯನ್ನು ‘ಕೋಟಿ ಚೆನ್ನಯ’ ಎಂಬ ಗದ್ಯಕೃತಿಯಾಗಿ ಕನ್ನಡದ ಬಾಲಕರಿಗಿತ್ತರು. ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸುವಷ್ಟು ಪಾಂಡಿತ್ಯವಿದ್ದರೂ ತಮ್ಮನ್ನು ‘ಕವಿಶಿಷ್ಯ’ನೆಂದೇ ಕರೆದುಕೊಂಡರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನವು ಇವರನ್ನು ಅಧ್ಯಕ್ಷಪೀಠದಲ್ಲಿರಿಸಿ ಗೌರವಿಸಿತು. 1937ರಲ್ಲಿ ಹೈದರಾಬಾದಿನಲ್ಲಿ ದೈವಾಧೀನರಾದರು. ಗುರುವಾಗಬೇಕಾದವನು ಶಿಷ್ಯಭಾವವನ್ನು ತೊರೆಯಲಾಗದೆಂಬುದಕ್ಕೆ ಇವರ ಬಾಳೇ ಸಾಕ್ಷಿಯಾಗಿದೆ.