ಮಳಖೇಡದ ಅರಸನ ಮನದ ಗಾಯ

ವಾಡಿಯಿಂದ ಚಿತ್ತಾಪುರದ ಮಾರ್ಗವಾಗಿ ಸೇಡಂಗೆ ರೈಲಿನಲ್ಲಿ ಹೋಗುವಾಗ ನಡುವೆ ಮಳಖೇಡ ರಸ್ತೆ ಎಂಬ ನಿಲ್ದಾಣ ಸಿಗುತ್ತದೆ. ಆ ಹೆಸರಿನ ಊರು ಕಾಗಿಣಾ ನದಿಯ ದಂಡೆಯಲ್ಲಿದೆ. ಅದೇ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಸುಮಾರು 64 ವರ್ಷ ಆಳಿದ ಅಮೋಘವರ್ಷ ನೃಪತುಂಗನನ್ನು ಚಕ್ರವರ್ತಿಯೆಂದು ನಾವೆಲ್ಲರೂ ಬಲ್ಲೆವು. ಈ ವಾರ ಅವನನ್ನು ನೋವುಂಡ ಮನುಷ್ಯನಾಗಿ ಕಾಣೋಣ.

814ರಲ್ಲಿ ತಂದೆ ಮೂರನೆಯ ಗೋವಿಂದನು ತೀರಿಕೊಂಡಾಗ ಆತನಿನ್ನೂ ಬಾಲಕ. ಸಾಮಂತರು, ಬಂಧುಗಳು ತಿರುಗಿಬಿದ್ದರು, ಸಿಂಹಾಸನ ಕೈತಪ್ಪಿತು. ಆಗ ಗುಜರಾತನ್ನು ಆಳುತ್ತಿದ್ದ ಚಿಕ್ಕಪ್ಪನ ಮಗ ಕರ್ಕನು ಬೆಂಬಲಕ್ಕೆ ನಿಂತು, 821ರ ಹೊತ್ತಿಗೆ ಅವನನ್ನು ಮತ್ತೆ ಪಟ್ಟದಲ್ಲಿ ಕೂರಿಸಿದನು. ತನ್ನವರೇ ಕೈಬಿಟ್ಟ ಮನಸ್ಸು ಕಲ್ಲಾಗಬಹುದಿತ್ತು.

ಅರಸನ ಬಾಳು ಒಮ್ಮೆಗೇ ಹಸನಾಗಲಿಲ್ಲ. ಗಂಗರೊಡನೆ ದೀರ್ಘಕಾಲ ಕದನ ನಡೆಯಿತು. ಉಪಕಾರಿಯಾದ ಕರ್ಕನ ಮಗ ಧ್ರುವನೊಡನೆಯೂ ಯುದ್ಧವಾಯಿತು. ಗಾಯ ಮಾಯುವುದಕ್ಕೆ ಕಾಲ ಬೇಕು. ಕೊನೆಗೆ ಅವನು ಮಗಳು ಚಂದ್ರಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಧಾರೆಯೆರೆದು ಹಗೆತನವನ್ನು ನೆಂಟಸ್ತನವಾಗಿಸಿದನು.

ಅವನಿಗೆ ಮಾರ್ಗದರ್ಶಕರಾಗಿ ಒದಗಿದವರು ಜೈನ ಮುನಿ ಜಿನಸೇನಾಚಾರ್ಯರು. ಗುರುವಿನ ಪಾದಕ್ಕೆ ಎರಗಿದಾಗ ತಾನು ಪವಿತ್ರನಾದೆನೆಂದು ಅರಸನು ಭಾವಿಸುತ್ತಿದ್ದನೆಂದು ಅವರ ಶಿಷ್ಯ ಗುಣಭದ್ರರು ಉತ್ತರಪುರಾಣದಲ್ಲಿ ಹೇಳಿದ್ದಾರೆ. ಕಿರೀಟ ಧರಿಸಿದವನು ತನಗೂ ಶುದ್ಧಿ ಬೇಕೆಂದು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ತನ್ನ ಕೊರತೆಯನ್ನು ಒಪ್ಪಿಕೊಂಡವನಿಗೆ ಪರರ ಕೊರತೆಯನ್ನು ತಾಳಿಕೊಳ್ಳುವುದು ಸುಲಭವಾಗುತ್ತದೆ. ಅವನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಪರರ ವಿಚಾರವನ್ನೂ ಧರ್ಮವನ್ನೂ ಸಹಿಸುವುದೇ ನಿಜವಾದ ಸಂಪತ್ತೆಂದು ಸಾರಿದೆ.

ಅರಸನಿಗೆ ಇನ್ನೂ ಕಠಿಣವಾದ ಪರೀಕ್ಷೆ ಕಾದಿತ್ತು. ಒಂದು ಬಂಡಾಯದಲ್ಲಿ ರಾಜಕುಮಾರನೇ ಶತ್ರುಗಳ ಪಕ್ಷ ಸೇರಿದ ಸಂಗತಿ ಕೊಣ್ಣೂರು ಶಾಸನದಲ್ಲಿದೆ. ಅವನು ಕೃಷ್ಣನೇ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಹಾಗಿದ್ದರೆ, ತಂದೆಯ ಬಳಿಕ ಪಟ್ಟವೇರಿದವನೂ ಅದೇ ಕೃಷ್ಣ. ತಂದೆಯ ಕ್ಷಮೆಯಿಲ್ಲದೆ ಅದು ಸಾಧ್ಯವಾಗುತ್ತಿತ್ತೇ? ಶುಭಸಂದೇಶದ ದುಂದುಗಾರ ಮಗನ ಸಾಮತಿಯು ನಮಗಿಲ್ಲಿ ನೆನಪಾಗದಿರದು. ಬಾಲ್ಯದಲ್ಲಿ ಕಳೆದುಕೊಂಡು ಮರಳಿ ಪಡೆದ ರಾಜ್ಯವನ್ನು ಅಮೋಘವರ್ಷನು ಕಡೆಗೆ ವಿವೇಕದಿಂದ ತಾನಾಗಿಯೇ ತ್ಯಜಿಸಿದನೆಂದು ಪ್ರಶ್ನೋತ್ತರ ರತ್ನಮಾಲಿಕೆ ತಿಳಿಸುತ್ತದೆ.

ಪ್ರಿಯ ಓದುಗರೇ, ಶಹಾಬಾದಿನಿಂದ ಚಿಂಚೋಳಿಯವರೆಗೆ ನಮ್ಮ ಮನೆಗಳಲ್ಲಿ ಸಿಂಹಾಸನಗಳಿಲ್ಲ. ಆದರೆ ಹೊಲದ ಪಾಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ. ಮನೆ ತೊರೆದ ಮಕ್ಕಳಿದ್ದಾರೆ. ತಮ್ಮನ್ನೇ ಕ್ಷಮಿಸಿಕೊಳ್ಳಲಾರದೆ ಕೊರಗುವ ತಾಯಂದಿರಿದ್ದಾರೆ. ಅಂಥವರಿಗೆ ಉಪದೇಶಕ್ಕಿಂತ ಮೊದಲು ಬೇಕಾದುದು ಪಕ್ಕದಲ್ಲಿ ನಿಲ್ಲುವ ಒಬ್ಬ ಕರ್ಕ, ತಾಳ್ಮೆಯಿಂದ ಆಲಿಸುವ ಒಬ್ಬ ಹಿರಿಯ. ಮುಂದೆ ಮಳಖೇಡದ ಕೋಟೆಯ ಬಳಿ ಹಾದುಹೋಗುವಾಗ, ನಮ್ಮ ಮನೆಯಲ್ಲಿ ಯಾರು ಅಂಥ ಜೊತೆಗಾಗಿ ಕಾದಿದ್ದಾರೆಂದು ಒಂದು ಕ್ಷಣ ಯೋಚಿಸೋಣ.