ಡಬ್ಲಿನ್ನಿನ ಕಾವಲುಗಾರ: ಮಹಾಧರ್ಮಾಧ್ಯಕ್ಷ ಜಾನ್ ಚಾರ್ಲ್ಸ್ ಮೆಕ್ವೇಡ್



ಐರ್ಲೆಂಡ್ ಎಂದೊಡನೆ ನಮ್ಮ ಕಥೋಲಿಕ ಕುಟುಂಬಗಳ ಹಿರಿಯರಿಗೆ ಸಂತ ಪ್ಯಾಟ್ರಿಕ್ಕರ ನೆನಪಾಗುತ್ತದೆ. ಭಾನುವಾರದ ಬಲಿಪೂಜೆಗೆ ಊರಿಗೆ ಊರೇ ಸೇರುತ್ತಿದ್ದ, ಲೋಕದ ಮೂಲೆಮೂಲೆಗೂ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕಳುಹಿಸುತ್ತಿದ್ದ ನಾಡು ಅದು. ಕಿರಿಯರಿಗೆ ನೆನಪಾಗುವುದು ಬೇರೆಯೇ. ಬೆಳಗಾವಿಯ ಮನೆತನದ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರಿನಲ್ಲಿ ಅಲ್ಲಿನ ಗಾಲ್ವೇ ನಗರದಲ್ಲಿ, ಗರ್ಭಸ್ರಾವದ ವೇಳೆ ರಕ್ತಕ್ಕೆ ನಂಜೇರಿ ತೀರಿಕೊಂಡರು. ಅವರು ಕೇಳಿಕೊಂಡಿದ್ದ ಗರ್ಭಪಾತವನ್ನು ನಿರಾಕರಿಸಲಾಗಿತ್ತು. 2018ರ ಜನಮತಗಣನೆಯಲ್ಲಿ ಆ ನಾಡು ಸಂವಿಧಾನದಲ್ಲಿದ್ದ ಗರ್ಭಪಾತ ನಿಷೇಧವನ್ನೇ ತೆಗೆದುಹಾಕಿತು. ಗರ್ಭಸ್ಥ ಶಿಶುವಿನ ಕುರಿತಾದ ಧರ್ಮಸಭೆಯ ಬೋಧನೆ ಬದಲಾಗಿಲ್ಲ. ನಾನಿಲ್ಲಿ ಹೇಳಹೊರಟಿರುವುದು ಬೋಧನೆಯ ವಿಷಯವನ್ನಲ್ಲ, ಅದನ್ನು ಕಾಯಲು ಒಬ್ಬರು ಹಿಡಿದ ದಾರಿಯ ವಿಷಯವನ್ನು.

ಜಾನ್ ಚಾರ್ಲ್ಸ್ ಮೆಕ್ವೇಡ್ ಹುಟ್ಟಿದ್ದು 1895ರ ಜುಲೈ 28ರಂದು, ಕ್ಯಾವನ್ ಪ್ರಾಂತದ ಕೂಟ್‌ಹಿಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಯೂಜೀನ್ ವೈದ್ಯರು. ಮಗು ಹುಟ್ಟಿದ ವಾರದೊಳಗೆ ತಾಯಿ ತೀರಿಕೊಂಡರು. ತಂದೆ ಮರುಮದುವೆಯಾದರು, ತನ್ನನ್ನು ಸಾಕಿದವರು ಹೆತ್ತತಾಯಿಯಲ್ಲವೆಂಬುದು ಹುಡುಗನಿಗೆ ತಿಳಿದದ್ದು ಹರೆಯಕ್ಕೆ ಬಂದ ಮೇಲೆ. ಈ ಸಂಗತಿಯನ್ನು ವಾಚಕರು ಮರೆಯದಿರಲಿ.

1913ರಲ್ಲಿ ಅವರು ಪವಿತ್ರಾತ್ಮರ ಸಭೆಯನ್ನು ಸೇರಿದರು, 1924ರಲ್ಲಿ ಗುರುದೀಕ್ಷೆ ಪಡೆದರು. ಆಫ್ರಿಕಾದ ಪ್ರೇಷಿತ ಕಾರ್ಯಕ್ಕೆ ಹೆಸರಾದ ಸಭೆ ಅದಾದರೂ ಇವರ ಪಾಲಿಗೆ ಬಂದದ್ದು ಡಬ್ಲಿನ್ ಸಮೀಪದ ಬ್ಲ್ಯಾಕ್‌ರಾಕ್ ಕಾಲೇಜು. 1931ರಲ್ಲಿ ಅದರ ಅಧ್ಯಕ್ಷರಾದರು. ಮರುವರ್ಷ ಡಬ್ಲಿನ್ನಿನಲ್ಲಿ ನಡೆದ ಪರಮಪ್ರಸಾದ ಮಹಾಸಮ್ಮೇಳನದ ಗಣ್ಯರಿಗೆ ಆ ಕಾಲೇಜಿನ ಹುಲ್ಲುಹಾಸಿನ ಮೇಲೆಯೇ ಔತಣವಾಯಿತು. ಸರಕಾರದ ಮುಖ್ಯಸ್ಥ ಏಮನ್ ಡಿ ವಲೇರಾ ಅವರು ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ. 1937ರ ಸಂವಿಧಾನವನ್ನು ರಚಿಸುವಾಗ ಕುಟುಂಬ, ಶಿಕ್ಷಣ, ಧರ್ಮಗಳ ವಿಧಿಗಳಿಗೆ ಅವರು ಮೆಕ್ವೇಡರ ನೆರವನ್ನು ಪಡೆದರು. ಆ ಸಂವಿಧಾನ ವಿಚ್ಛೇದನವನ್ನು ನಿಷೇಧಿಸಿತು. ಕಥೋಲಿಕ ಧರ್ಮಸಭೆಗೆ ಬಹುಸಂಖ್ಯಾತರ ಧರ್ಮವೆಂಬ ನೆಲೆಯಲ್ಲಿ ವಿಶೇಷ ಸ್ಥಾನವನ್ನು ನೀಡಿತು. ಗರ್ಭನಿರೋಧಕ ಸಾಧನಗಳ ಮಾರಾಟವನ್ನೂ ಆಮದನ್ನೂ 1935ರ ಕಾಯಿದೆ ಆಗಲೇ ನಿಲ್ಲಿಸಿತ್ತು. 1940ರಲ್ಲಿ ಮೆಕ್ವೇಡರು ಡಬ್ಲಿನ್ನಿನ ಮಹಾಧರ್ಮಾಧ್ಯಕ್ಷರಾದಾಗ ಕೋಟೆಯ ಗೋಡೆಗಳೆಲ್ಲ ಎದ್ದು ನಿಂತಿದ್ದವು. ಅವರಿಗೆ ಉಳಿದದ್ದು ಕಾವಲು.

ಅವರನ್ನು ಬರಿಯ ಕಠೋರರೆಂದು ಚಿತ್ರಿಸುವುದು ಇಂದು ಸುಲಭ, ಆದರೆ ನ್ಯಾಯವಲ್ಲ. ಯುದ್ಧಕಾಲದ ಡಬ್ಲಿನ್ನಿನ ಬಡತನವನ್ನು ಕಂಡು 1941ರಲ್ಲಿ ಅವರು ಕಥೋಲಿಕ ಸಮಾಜಸೇವಾ ಸಂಘಟನೆಯನ್ನು ಆರಂಭಿಸಿದರು. ಬಡವರಿಗೆ ಊಟ, ಬಸುರಿಯರಿಗೆ ಆರೈಕೆ ಅದರ ಕೆಲಸ. ಮರುವರ್ಷ, ಇಂಗ್ಲೆಂಡಿಗೆ ದುಡಿಯಲು ಹೊರಟವರ ಯೋಗಕ್ಷೇಮಕ್ಕೆಂದು ಒಂದು ಕಚೇರಿಯನ್ನು ತೆರೆದರು. ರಾತ್ರಿಯ ವೇಳೆ ಸದ್ದಿಲ್ಲದೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಕವಿ ಪ್ಯಾಟ್ರಿಕ್ ಕವನಾ ಕೈಯಲ್ಲಿ ಕಾಸಿಲ್ಲದೆ ಅಲೆಯುತ್ತಿದ್ದಾಗ ಹಣ ಕೊಟ್ಟವರೂ ಕೆಲಸ ಕೊಡಿಸಿದವರೂ ಇವರೇ. ಮೂವತ್ತೊಂದು ವರ್ಷಗಳ ಅವರ ಆಡಳಿತದಲ್ಲಿ ಧರ್ಮಕೇಂದ್ರಗಳು 81ರಿಂದ 131ಕ್ಕೆ ಏರಿದವು. ಕ್ರಮ್ಲಿನ್ನಿನ ಮಕ್ಕಳ ಆಸ್ಪತ್ರೆ 1956ರಲ್ಲಿ ಬಾಗಿಲು ತೆರೆದದ್ದು ಅವರ ಶ್ರಮದಿಂದ.

ಇಂಥವರ ಹೆಸರಿಗೆ ಅಂಟಿಕೊಂಡ ದೊಡ್ಡ ವಿವಾದ ಮಕ್ಕಳದೇ, ತಾಯಂದಿರದೇ. 1948ರಲ್ಲಿ ಅಧಿಕಾರಕ್ಕೆ ಬಂದ ಸಮ್ಮಿಶ್ರ ಸರಕಾರದ ಆರೋಗ್ಯ ಸಚಿವ ನೋಯಲ್ ಬ್ರೌನ್ ತರುಣ ವೈದ್ಯರು. ಅವರ ತಂದೆತಾಯಿಗಳನ್ನು ಕ್ಷಯ ಬಲಿ ತೆಗೆದುಕೊಂಡಿತ್ತು. ಅವರಿಗೂ ಆ ರೋಗ ಬಂದುಹೋಗಿತ್ತು. ತಾಯಂದಿರಿಗೆ ಹೆರಿಗೆಯ ಆರೈಕೆ, 16 ವರ್ಷದವರೆಗಿನ ಮಕ್ಕಳಿಗೆ ಚಿಕಿತ್ಸೆ, ಎರಡೂ ಉಚಿತ, ಆದಾಯವನ್ನು ವಿಚಾರಿಸದೆ ಎಲ್ಲರಿಗೂ: ಇದು ಬ್ರೌನರ ತಾಯಿ-ಮಗು ಯೋಜನೆ. ಧರ್ಮಾಧ್ಯಕ್ಷರು ಒಪ್ಪಲಿಲ್ಲ, ಅವರ ಪರವಾಗಿ ಮುಂದೆ ನಿಂತವರು ಮೆಕ್ವೇಡರು. ಮಕ್ಕಳ ಆರೋಗ್ಯ ಕುಟುಂಬದ ಹೊಣೆ, ಸರಕಾರ ಅದನ್ನು ಕಸಿದುಕೊಳ್ಳಬಾರದು, ಅಶಕ್ತರಿಗೆ ಮಾತ್ರ ನೆರವು ನೀಡಲಿ ಎಂಬುದು ಅವರ ವಾದ. ಸರಕಾರಿ ವೈದ್ಯರು ಸ್ತ್ರೀಯರಿಗೆ ಸಂತಾನ ನಿಯಂತ್ರಣವನ್ನು ಬೋಧಿಸಿಯಾರೆಂಬ ಭಯ ಅದರ ಬೆನ್ನಿಗಿತ್ತು. ವೈದ್ಯರ ಸಂಘವೂ ವಿರೋಧಿಸಿತು. ಅವರ ಚಿಂತೆ ಆದಾಯದ್ದು. ಮಂತ್ರಿಮಂಡಲ ಕೈಬಿಟ್ಟಿತು. 1951ರ ಏಪ್ರಿಲಿನಲ್ಲಿ ಬ್ರೌನ್ ರಾಜೀನಾಮೆ ನೀಡಿ, ಧರ್ಮಾಧ್ಯಕ್ಷರೊಡನೆ ನಡೆದ ಪತ್ರವ್ಯವಹಾರವನ್ನು ಪತ್ರಿಕೆಗಳಿಗೆ ಒಪ್ಪಿಸಿದರು. ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದ್ದುದನ್ನು ಜನ ಬೆಳಗಿನ ಪತ್ರಿಕೆಯಲ್ಲಿ ಓದಿದರು.

ಗುರುಮಠದಲ್ಲಿ ತತ್ವಶಾಸ್ತ್ರ ಓದಿದ ನನಗೆ ಆ ವಾದದ ಬೇರು ಪರಿಚಿತ. ಪೋಪ್ ಹನ್ನೊಂದನೆಯ ಭಕ್ತಿನಾಥರು 1931ರ ವಿಶ್ವಪತ್ರದಲ್ಲಿ, ಚಿಕ್ಕ ಸಮುದಾಯ ಮಾಡಬಲ್ಲದ್ದನ್ನು ದೊಡ್ಡದು ಕಿತ್ತುಕೊಳ್ಳಬಾರದೆಂದು ಬೋಧಿಸಿದ್ದರು. ಸರ್ವಾಧಿಕಾರಿಗಳು ಮೆರೆಯುತ್ತಿದ್ದ ಆ ಕಾಲದಲ್ಲಿ ಅದು ಅಗತ್ಯವಾಗಿದ್ದ ಮಾತು, ಇಂದಿಗೂ ಒಳ್ಳೆಯ ಮಾತು. ಆದರೆ ವೈದ್ಯರಿಗೆ ಕೊಡಲು ಹಣವಿಲ್ಲದ, ಬಡತನವನ್ನು ಅಧಿಕಾರಿಯೆದುರು ರುಜುವಾತು ಮಾಡಲು ನಾಚುವ ಕುಟುಂಬಕ್ಕೆ ಆ ತತ್ವದಿಂದ ಉಳಿಯುವ ಸ್ವಾತಂತ್ರ್ಯ ಯಾವುದು? ಹುಟ್ಟಿದ ವಾರದಲ್ಲೇ ತಾಯಿಯನ್ನು ಕಳೆದುಕೊಂಡವರು, ಎಳವೆಯಲ್ಲೇ ಅನಾಥರಾದವರು, ಇಬ್ಬರೂ ತಾಯಂದಿರ ಹೆಸರಿನಲ್ಲಿ ಎದುರುಬದುರಾಗಿ ನಿಂತರು. ಒಬ್ಬರು ತತ್ವವನ್ನು ನೋಡಿದರು, ಮತ್ತೊಬ್ಬರು ಹಾಸಿಗೆಯನ್ನು ನೋಡಿದರು. ತತ್ವವನ್ನು ಕಲಿತ ನಾನು ಇದನ್ನು ಹಗುರ ಮನಸ್ಸಿನಿಂದ ಬರೆಯುತ್ತಿಲ್ಲ.

ಉಳಿದ ನಿಷೇಧಗಳನ್ನು ಬೇಗನೆ ಹೇಳಿಬಿಡಬಹುದು. ಪ್ರೊಟೆಸ್ಟೆಂಟ್ ಪರಂಪರೆಯ ಟ್ರಿನಿಟಿ ಕಾಲೇಜಿಗೆ ತಮ್ಮ ಅನುಮತಿಯಿಲ್ಲದೆ ಕಥೋಲಿಕ ಮಕ್ಕಳು ಸೇರಿದರೆ ಮಾರಕ ಪಾಪವೆಂದು ಅವರು ವಿಧಿಸಿದರು. ಆ ನಿಷೇಧ 1970ರವರೆಗೆ ಉಳಿಯಿತು. 1955ರಲ್ಲಿ, ಆರ್ಚ್‌ಬಿಷಪ್ ಸ್ಟೆಪಿನಾಕರನ್ನು ಸೆರೆಗೆ ತಳ್ಳಿದ್ದ ಯುಗೊಸ್ಲಾವಿಯದ ತಂಡದೊಡನೆ ಫುಟ್‌ಬಾಲ್ ಪಂದ್ಯ ಬೇಡವೆಂದು ಆಕ್ಷೇಪಿಸಿದರು. ರಾಷ್ಟ್ರಾಧ್ಯಕ್ಷರು ಹೋಗಲಿಲ್ಲ, ರೇಡಿಯೊದ ವೀಕ್ಷಕವಿವರಣೆಕಾರರೂ ಹಿಂದೆ ಸರಿದರು. ಪ್ರೇಕ್ಷಕರು ಮಾತ್ರ ಸುಮಾರು 21,000 ಮಂದಿ ಬಂದರು. ಭಾನುವಾರ ಮಂಡಿಯೂರುತ್ತಿದ್ದ ಜನವೇ ಅವರು. ಅಂದು ಗೆದ್ದದ್ದು ಯುಗೊಸ್ಲಾವಿಯ, 4-1ರಿಂದ.

1962ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭವಾಯಿತು. ಅದೇ ವರ್ಷ ಐರಿಷ್ ದೂರದರ್ಶನದಲ್ಲಿ ಲೇಟ್ ಲೇಟ್ ಶೋ ಎಂಬ ಸಂವಾದ ಕಾರ್ಯಕ್ರಮವೂ ಆರಂಭವಾಗಿ, ಪಿಸುಮಾತಿನ ವಿಷಯಗಳು ಮನೆಯ ಹಜಾರಕ್ಕೆ ಬಂದವು. 1965ರ ಡಿಸೆಂಬರಿನಲ್ಲಿ ರೋಮಿನಿಂದ ಮರಳಿದ ಮೆಕ್ವೇಡರು, ಯಾವ ಬದಲಾವಣೆಯೂ ತಮ್ಮ ಜನರ ಕ್ರೈಸ್ತ ಬಾಳಿನ ನೆಮ್ಮದಿಯನ್ನು ಕದಡದೆಂದು ಪ್ರಧಾನಾಲಯದಲ್ಲಿ ಭರವಸೆ ನೀಡಿದರು. ಮಹಾಸಭೆ ವಿಧಿಸಿದ್ದನ್ನು ಅವರು ವಿಧೇಯತೆಯಿಂದ ಜಾರಿಗೆ ತಂದರೆಂಬುದೂ ನಿಜ. ಲತೀನ್ ಬಲಿಪೂಜೆಯನ್ನು ಬಿಟ್ಟ ನೋವು ನಮ್ಮ ಹಿರಿಯ ವಾಚಕರಿಗೆ ತಿಳಿದದ್ದೇ. ಆದರೆ ನೆಮ್ಮದಿ ಆಗಲೇ ಕದಡಿತ್ತು. 1971ರ ಮಾರ್ಚಿನಲ್ಲಿ, ಮುಂದೆ ರಾಷ್ಟ್ರಾಧ್ಯಕ್ಷೆಯಾದ ಮೇರಿ ರಾಬಿನ್‌ಸನ್ ಗರ್ಭನಿರೋಧಕಗಳ ಕಾನೂನನ್ನು ಸಡಿಲಿಸುವ ಮಸೂದೆಗೆ ಯತ್ನಿಸಿದಾಗ, ಅದು ದೇಶಕ್ಕೆ ಶಾಪವಾದೀತೆಂಬ ಅವರ ಪಾಲನಾಪತ್ರವನ್ನು ದೇವಾಲಯಗಳಲ್ಲಿ ಓದಲಾಯಿತು. ಕೆಲವು ಸ್ತ್ರೀಯರು ಎದ್ದು ಹೊರನಡೆದರು. ಮೇ ತಿಂಗಳಲ್ಲಿ 40ಕ್ಕೂ ಹೆಚ್ಚು ಸ್ತ್ರೀಯರು ರೈಲಿನಲ್ಲಿ ಬೆಲ್‌ಫಾಸ್ಟಿಗೆ ಹೋಗಿ, ನಿಷೇಧಿತ ಸಾಧನಗಳೊಡನೆ ಹಿಂದಿರುಗಿ ಸುಂಕದ ಅಧಿಕಾರಿಗಳೆದುರು ಎತ್ತಿ ಹಿಡಿದರು. ಯಾರನ್ನೂ ಬಂಧಿಸಲಿಲ್ಲ.

ಮಾನವ ನಿರ್ಮಿತ ಕಾನೂನು ಎಲ್ಲ ದುರ್ಗುಣಗಳನ್ನೂ ತಡೆಯಹೊರಡಬಾರದು, ಅಪರಿಪೂರ್ಣರಾದ ಜನ ತಾಳಲಾರದ ಹೊರೆ ಇನ್ನೂ ದೊಡ್ಡ ಕೇಡಿಗೆ ದಾರಿಮಾಡೀತು ಎಂಬುದು ಸಂತ ತೋಮಸ್ ಅಕ್ವಿನಾಸರ ವಿಚಾರ. ಮೆಕ್ವೇಡರೂ ಅದನ್ನು ಓದಿಯೇ ಇದ್ದಿರಬೇಕು.

ಎಲ್ಲಕ್ಕಿಂತ ಕಷ್ಟದ ಸಂಗತಿಯನ್ನು ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. 1960ರಲ್ಲಿ ಅದೇ ಕ್ರಮ್ಲಿನ್ ಆಸ್ಪತ್ರೆಯ ಗುರುವೊಬ್ಬರು ಮಕ್ಕಳ ಅಸಭ್ಯ ಚಿತ್ರಗಳನ್ನು ತೆಗೆದ ವಿಷಯ ಪೊಲೀಸರ ಮೂಲಕ ಮಹಾಧರ್ಮಾಧ್ಯಕ್ಷರಿಗೆ ತಲುಪಿತು. ಅವರು ಆ ಗುರುವನ್ನು ವೈದ್ಯರ ಬಳಿಗೆ ಕಳುಹಿಸಿ ವಿಷಯವನ್ನು ಮುಗಿಸಿದರು. ಆ ವರ್ಷ ಅಲ್ಲಿ ಹಾಸಿಗೆ ಹಿಡಿದಿದ್ದ ಬಾಲಕಿಯೊಬ್ಬಳ ಮೇಲೆ ಎಸಗಿದ ಕೃತ್ಯಕ್ಕಾಗಿ ಆ ಗುರುವಿಗೆ ಶಿಕ್ಷೆಯಾದದ್ದು 1997ರಲ್ಲಿ. ಡಬ್ಲಿನ್ ಮಹಾಧರ್ಮಕ್ಷೇತ್ರದ ಬಗ್ಗೆ ತನಿಖೆ ನಡೆಸಿದ ಆಯೋಗ 2009ರ ವರದಿಯಲ್ಲಿ, ಮೆಕ್ವೇಡರ ಕಾಳಜಿ ಮಕ್ಕಳಿಗಿಂತ ಅಪವಾದವನ್ನು ತಪ್ಪಿಸುವುದರ ಮೇಲಿತ್ತೆಂದು ತೀರ್ಮಾನಿಸಿತು. ಗಡಿಯಲ್ಲಿ ಅಷ್ಟು ಎಚ್ಚರದಿಂದ ನಿಂತವರಿಗೆ ಕೋಟೆಯೊಳಗಿನ ಮಗು ಕಾಣಲಿಲ್ಲ. ಯಾಜಕನಾಗಿ ಈ ವಾಕ್ಯವನ್ನು ಬರೆಯಲು ನನಗೆ ಬಹಳ ಹೊತ್ತು ಬೇಕಾಯಿತು.

75 ತುಂಬಿದಾಗ ನಿಯಮದಂತೆ ಸಲ್ಲಿಸಿದ ರಾಜೀನಾಮೆ ಅಂಗೀಕಾರವಾದದ್ದು 1972ರ ಜನವರಿಯಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಐರಿಷ್ ಜನ, ಸಂವಿಧಾನದಲ್ಲಿ ಧರ್ಮಸಭೆಗಿದ್ದ ವಿಶೇಷ ಸ್ಥಾನವನ್ನು ಭಾರಿ ಬಹುಮತದಿಂದ ತೆಗೆದುಹಾಕಿದರು. ಕಿಲ್ಲೈನಿಯ ತಮ್ಮ ಮನೆಯಲ್ಲಿ ಮೆಕ್ವೇಡರು ಅದನ್ನೂ ನೋಡಬೇಕಾಯಿತು. 1973ರ ಏಪ್ರಿಲ್ 7ರಂದು ಅಸ್ವಸ್ಥರಾದ ಅವರನ್ನು ಲಾಕ್ಲಿನ್ಸ್‌ಟೌನ್ ಆಸ್ಪತ್ರೆಗೆ ಸೇರಿಸಲಾಯಿತು. ಕೊನೆಯ ಗಳಿಗೆಗಳಲ್ಲಿ, ತಮಗೆ ಸ್ವರ್ಗ ದೊರಕುವ ಸಂಭವವುಂಟೇ ಎಂದು ಅವರು ಪಕ್ಕದಲ್ಲಿದ್ದ ದಾದಿಯನ್ನು ಕೇಳಿದರೆಂದು ಅವರ ಜೀವನಚರಿತ್ರೆಯಲ್ಲಿದೆ. ಮಹಾಧರ್ಮಾಧ್ಯಕ್ಷರಿಗೇ ದೊರಕದಿದ್ದರೆ ಇನ್ನಾರಿಗೆ ದೊರಕೀತು ಎಂದು ಆಕೆ ಸಮಾಧಾನ ಹೇಳಿದಳು. ಅವರು ಮತ್ತೆ ದಿಂಬಿಗೊರಗಿದರು.